ಕೆನಡಾದ ಮ್ಯಾನಿಟೋಬಾದಲ್ಲಿ ಡಿಚ್ (ಚರಂಡಿ) ಅಗಲ ಮಾಡಿದ್ರೆ ಸಾಲಲ್ವಾ?
ವಿನ್ನಿಪೆಗ್ ಹೊರಗಿನ ನಿಮ್ಮ ರೂರಲ್ ಮುನಿಸಿಪಾಲಿಟಿ ಹೊಸ ಲೇಔಟ್‌ಗೆ ಪಾಂಡ್ (ಮಳೆನೀರು ಹಿಡಿದಿಡೋ ಕೊಳ) ಯಾಕೆ ಕೇಳ್ತಿದೆ, ರಸ್ತೆ ಪಕ್ಕದ ಡಿಚ್ ಅಗಲ ಮಾಡಿದ್ರೆ ಸಾಲಲ್ವಾ ಅಂದ್ರಲ್ಲ ಸರ್, ಸಾಲಲ್ಲ. ರೆಡ್ ರಿವರ್ ಕಣಿವೆ ಅಂದ್ರೆ ಹಿಮಯುಗದ ಅಗಾಸಿಜ್ ಸರೋವರದ ತಳ, ಕಣದ ಥರ ಮಟ್ಟಸ, ಅದ್ರ ಮೇಲೆ ಜಿಗುಟು ಜೇಡಿಮಣ್ಣು, ನೀರು ಬೇಗ ಇಂಗೋದೂ ಇಲ್ಲ ಹರಿಯೋದೂ ಇಲ್ಲ. ಡಿಚ್ ದೊಡ್ಡದು ಮಾಡಿದ್ರೆ ನಿಮ್ಮ ನೀರು ಹೋಗಿ ಕೆಳಗಿನ ರೈತನ ಹೊಲದಲ್ಲಿ ನಿಲ್ಲತ್ತೆ ಅಷ್ಟೇ (ಆಮೇಲೆ ಜಗಳ ಬೇರೆ). ಪಾಂಡ್ ಇದ್ರೆ ಮುಂಚೆ ಬರೀ ಹೊಲ ಇದ್ದಾಗ ಎಷ್ಟು ಹರೀತಿತ್ತೋ ಅಷ್ಟೇ ನಿಧಾನಕ್ಕೆ ಬಿಡಬಹುದು. ಲೆಕ್ಕ ಬರೀ ಬೇಸಿಗೆ ಮಳೆಗೆ ಹಾಕ್ಬೇಡಿ, ಏಪ್ರಿಲ್‌ನಲ್ಲಿ ಹಿಮ ಕರಗೋವಾಗ ಕಲ್ವರ್ಟ್ (ರಸ್ತೆ, ಡ್ರೈವ್‌ವೇ ಕೆಳಗಿನ ನೀರಿನ ಪೈಪ್) ಒಳಗೆ ಇನ್ನೂ ಐಸ್ ಕಟ್ಕೊಂಡಿರತ್ತೆ, ನಮ್ಮನೆ ಮುಂದೆ ಹಂಗಾಗೇ ಡ್ರೈವ್‌ವೇ ಮೇಲೆಲ್ಲ ನೀರು. ಡಿಚ್ ಮುಟ್ಟೋಕೆ ಮುಂಚೆ ಮ್ಯಾನಿಟೋಬಾದ ವಾಟರ್ ರೈಟ್ಸ್ ಆಕ್ಟ್ (ನೀರಿನ ಹಕ್ಕಿನ ಕಾನೂನು) ಲೈಸೆನ್ಸ್ ಬೇಕಾ ಅಂತ ವಿಚಾರಿಸ್ಕೊಳ್ಳಿ.