ಸೆಕೆಂಡ್‌ಹ್ಯಾಂಡ್ ಕಾರಿನ ಎಂಜಿನ್ ಕೈಕೊಟ್ಟಾಗ: ಓದುಗರ ಪ್ರಶ್ನೆಗಳಿಗೆ ಉತ್ತರ

ಹಳೆ ಕಾರು ಕೊಂಡು ಮೊದಲ ತಿಂಗಳಲ್ಲೇ ಎಂಜಿನ್ ತಕರಾರು ಎದುರಿಸುತ್ತಿರುವವರ ಪತ್ರಗಳಿಗೆ ಈ ಸಲ ಉತ್ತರಿಸಿದ್ದೇವೆ. ಹೆಚ್ಚಿನ ಪತ್ರಗಳಲ್ಲಿ ಸಂಕಟ ಒಂದೇ. ದೋಷ ಯಾವುದೆಂದು ತಿಳಿಯುವ ಮೊದಲೇ ಎರಡು ಮೂರು ಪಾರ್ಟ್ ಬದಲಾಗಿವೆ, ದುಡ್ಡು ಹೋಗಿದೆ, ದೋಷ ಮಾತ್ರ ಹಾಗೇ ಇದೆ.

ಪ್ರಶ್ನೆ: ಮೂರು ವಾರದ ಹಿಂದೆ 2016ರ ಪೆಟ್ರೋಲ್ ಕಾರು ಕೊಂಡೆ. ಮೂರು ಸಿಲಿಂಡರ್, 71 ಸಾವಿರ ಕಿ.ಮೀ. ಓಡಿದೆ. ನಿಂತಲ್ಲಿ ಎಂಜಿನ್ ಗಡಗಡ ಅಲುಗುತ್ತದೆ, ಏರಿನಲ್ಲಿ ಪಿಕಪ್ ಇಲ್ಲ, ಚೆಕ್ ಎಂಜಿನ್ ದೀಪ ಬಂದು ಹೋಗಿ ಮಾಡುತ್ತದೆ. ಸ್ಪಾರ್ಕ್ ಪ್ಲಗ್ ಮೂರನ್ನೂ ಹೊಸದು ಹಾಕಿಸಿದ್ದಾಯಿತು. ಈಗ ಇಂಜೆಕ್ಟರ್ (ಪೆಟ್ರೋಲ್ ಚಿಮ್ಮಿಸುವ ಪಾರ್ಟ್) ಬದಲಿಸಬೇಕು ಎನ್ನುತ್ತಿದ್ದಾರೆ. ಬದಲಿಸಲೇ? – ಓದುಗರು, ತಿಪಟೂರು

ಉತ್ತರ: ಈಗಲೇ ಬೇಡ. ನೀವು ಹೇಳುವ ಲಕ್ಷಣಗಳೆಲ್ಲ ಎಂಜಿನ್ ಮಿಸ್ ಹೊಡೆಯುವುದನ್ನು ತೋರಿಸುತ್ತವೆ, ಅಂದರೆ ಒಂದು ಸಿಲಿಂಡರ್ ಸರಿಯಾಗಿ ಉರಿಯುತ್ತಿಲ್ಲ. ಅದು ಯಾವ ಸಿಲಿಂಡರ್ ಎಂಬುದನ್ನು ಕಾರಿನ ಕಂಪ್ಯೂಟರೇ ಬರೆದಿಟ್ಟುಕೊಂಡಿರುತ್ತದೆ. ಸ್ಟಿಯರಿಂಗ್ ಕೆಳಗಿನ ಒಬಿಡಿ ಸಾಕೆಟ್‌ಗೆ (ಕಾರಿನ ಕಂಪ್ಯೂಟರ್ ಓದುವ ಜಾಗ) ಸ್ಕ್ಯಾನರ್ ಹಾಕಿಸಿ, ದೋಷದ ಕೋಡ್ ಕಾಣುತ್ತದೆ. ಪಿ0301 ಬಂದರೆ ಮೊದಲ ಸಿಲಿಂಡರ್, ಪಿ0302 ಬಂದರೆ ಎರಡನೆಯದು, ಪಿ0303 ಬಂದರೆ ಮೂರನೆಯದು. ಪಿ0300 ಎಂದಿದ್ದರೆ ಮಿಸ್ ಒಂದೇ ಕಡೆ ನಿಂತಿಲ್ಲ ಎಂದರ್ಥ. ಆಗ ಗಾಳಿ ಸೋರಿಕೆ, ಪೆಟ್ರೋಲ್ ಒತ್ತಡದಂತಹ ಎಲ್ಲ ಸಿಲಿಂಡರಿಗೂ ಸೇರಿದ ಕಾರಣ ಹುಡುಕಬೇಕು. ಕೋಡ್ ಅಳಿಸುವ ಮುಂಚೆ ಪರದೆಯ ಫೋಟೊ ತೆಗೆದಿಟ್ಟುಕೊಳ್ಳಿ.

ಪಿ0302 ಬಂದಿದೆ ಎಂದುಕೊಳ್ಳೋಣ. ಒಂದು ರೂಪಾಯಿ ಖರ್ಚಿಲ್ಲದ ಪರೀಕ್ಷೆ ಇದೆ. ಇಗ್ನಿಷನ್ ಆಫ್ ಮಾಡಿ, ಎಂಜಿನ್ ತಣಿಯಲು ಬಿಡಿ. ಎರಡನೇ ಸಿಲಿಂಡರಿನ ಪ್ಲಗ್ಗಿಗೆ ಕಿಡಿಯ ವಿದ್ಯುತ್ ಕೊಡುವ ಇಗ್ನಿಷನ್ ಕಾಯಿಲ್ ಬಿಚ್ಚಿ (ಸಾಮಾನ್ಯವಾಗಿ 10 ಎಂಎಂ ಬೋಲ್ಟ್ ಒಂದೇ ಇರುತ್ತದೆ) ಒಂದನೆಯದರ ಜಾಗಕ್ಕೆ ಹಾಕಿ, ಒಂದನೆಯದನ್ನು ಎರಡಕ್ಕೆ ಹಾಕಿ. ಕನೆಕ್ಟರ್ ಟಕ್ ಎನ್ನುವವರೆಗೆ ಒತ್ತಿ. ಕೋಡ್ ಅಳಿಸಿ, ನಾಲ್ಕೈದು ಕಿ.ಮೀ. ಓಡಿಸಿ ಮತ್ತೆ ಸ್ಕ್ಯಾನ್ ಮಾಡಿಸಿ. ಈಗ ಪಿ0301 ಬಂದರೆ ದೋಷ ಕಾಯಿಲ್ ಜೊತೆ ಓಡಿಹೋಗಿದೆ, ಕಾಯಿಲ್ ಒಂದನ್ನು ಬದಲಿಸಿದರೆ ಸಾಕು. ಪಿ0302 ಅಲ್ಲೇ ಉಳಿದರೆ ಪ್ಲಗ್‌ಗಳನ್ನು ಹೀಗೇ ಅದಲುಬದಲು ಮಾಡಿ, ಹೊಸದಾದರೂ ಸರಿ. ಕೆಳಗೆ ಬಿದ್ದು ಪಿಂಗಾಣಿ ಸೀಳಿದ ಹೊಸ ಪ್ಲಗ್ಗೂ ಮಿಸ್ ಹೊಡೆಯುತ್ತದೆ.

ಕಾಯಿಲ್ ಎತ್ತಿದಾಗ ಪ್ಲಗ್ಗಿನ ಗುಂಡಿಯೊಳಗೆ ಟಾರ್ಚ್ ಬಿಟ್ಟು ನೋಡಲು ಮರೆಯಬೇಡಿ. ಅಲ್ಲಿ ಆಯಿಲ್ ನಿಂತಿದ್ದರೆ ಟಪ್ಪೆಟ್ ಕವರಿನ ಗ್ಯಾಸ್ಕೆಟ್ ಅಥವಾ ಪ್ಲಗ್ ಟ್ಯೂಬಿನ ಸೀಲ್ ಸೋರುತ್ತಿದೆ. ಆಯಿಲ್ ಕಾಯಿಲ್ಲಿನ ರಬ್ಬರ್ ಬೂಟನ್ನು ಮೆತ್ತಗೆ ಮಾಡುತ್ತದೆ, ಕಿಡಿ ಪ್ಲಗ್ಗಿಗೆ ಹೋಗುವ ಬದಲು ಪಕ್ಕದ ಲೋಹಕ್ಕೆ ಹಾರುತ್ತದೆ. ಗ್ಯಾಸ್ಕೆಟ್ ಬಿಟ್ಟು ಕಾಯಿಲ್ ಮಾತ್ರ ಬದಲಿಸಿದರೆ ಹೊಸದಕ್ಕೂ ಅದೇ ಗತಿ.

ಕಾಯಿಲ್, ಪ್ಲಗ್ ಎರಡೂ ಸರಿಯಿದ್ದರೆ, ಇಂಜೆಕ್ಟರಿಗೆ ಹೋಗುವ ಮೊದಲು ಕಂಪ್ರೆಷನ್ ಟೆಸ್ಟ್ (ಸಿಲಿಂಡರಿನೊಳಗಿನ ಒತ್ತಡ ಅಳೆಯುವ ಪರೀಕ್ಷೆ) ಮಾಡಿಸಿ. ಎಂಜಿನ್ ಬಿಸಿಯಿರಬೇಕು, ಪ್ಲಗ್ ಮೂರನ್ನೂ ಬಿಚ್ಚಿರಬೇಕು, ಇಂಜೆಕ್ಟರ್ ಮತ್ತು ಕಾಯಿಲ್ ಕನೆಕ್ಟರ್ ಕಳಚಿರಬೇಕು, ಆಕ್ಸಿಲರೇಟರ್ ಪೂರ್ತಿ ಒತ್ತಿರಬೇಕು. ಆಕ್ಸಿಲರೇಟರ್ ಒತ್ತದಿದ್ದರೆ ಗಾಳಿ ಒಳಗೆ ಹೋಗದೆ ಒಳ್ಳೆ ಎಂಜಿನ್ನೂ ಕಡಿಮೆ ತೋರಿಸುತ್ತದೆ. ಈಗಿನ ಪೆಟ್ರೋಲ್ ಎಂಜಿನ್‌ಗಳಲ್ಲಿ ಸಾಮಾನ್ಯವಾಗಿ 150ರಿಂದ 200 ಪಿಎಸ್‌ಐ ಬರುತ್ತದೆ. ಆದರೆ ಅಂಕಿಗಿಂತ ಸಿಲಿಂಡರುಗಳ ನಡುವಿನ ವ್ಯತ್ಯಾಸ ಮುಖ್ಯ. ಎರಡು 170 ಇದ್ದು ಒಂದು 110 ಇದ್ದರೆ ಆ ಸಿಲಿಂಡರಿಗೆ ಒಂದು ಟೀ ಚಮಚ ಎಂಜಿನ್ ಆಯಿಲ್ ಬಿಟ್ಟು ಮತ್ತೆ ಅಳೆಯಿರಿ. ಏರಿದರೆ ಪಿಸ್ಟನ್ ರಿಂಗ್ ಸವೆದಿದೆ. ಏರದಿದ್ದರೆ ವಾಲ್ವ್ ಅಥವಾ ಹೆಡ್ ಗ್ಯಾಸ್ಕೆಟ್ (ಸಿಲಿಂಡರುಗಳಿಗೂ ಅವುಗಳ ಮೇಲಿನ ಹೆಡ್ಡಿಗೂ ನಡುವಿನ ಸೀಲ್). ಹಿಂದೆ ಸಿಎನ್‌ಜಿ ಕಿಟ್ ಹಾಕಿಸಿದ್ದ ಕಾರಾದರೆ ವಾಲ್ವ್ ಸೀಟ್ ಸವೆದಿರುವ ಸಾಧ್ಯತೆಯನ್ನು ಮೊದಲು ನೋಡಬೇಕು.

ಎರಡು ಎಚ್ಚರಿಕೆ. ಚೆಕ್ ಎಂಜಿನ್ ದೀಪ ಸುಮ್ಮನೆ ಉರಿಯುತ್ತಿದ್ದರೆ ನಿಧಾನವಾಗಿ ಗ್ಯಾರೇಜ್ ತಲುಪಬಹುದು. ಮಿಟುಕುತ್ತಿದ್ದರೆ ಕಾರು ನಿಲ್ಲಿಸಿ. ಸುಡದ ಪೆಟ್ರೋಲ್ ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರಿಗೆ ಹೋಗಿ ಅಲ್ಲಿ ಉರಿಯುತ್ತಿದೆ, ಅದರ ಬೆಲೆ ಮೂರು ಕಾಯಿಲ್ ಸೇರಿಸಿದರೂ ಮೀರುತ್ತದೆ. ಇನ್ನೊಂದು, ಮಾರುವ ಮುಂಚೆ ಕೋಡ್ ಅಳಿಸಿದ್ದರೇ ಎಂದು ತಿಳಿಯುವ ದಾರಿ. ಕೋಡ್ ಅಳಿಸಿದ ಮೇಲೆ ಎಷ್ಟು ಕಿ.ಮೀ. ಓಡಿದೆ ಎಂಬುದನ್ನು ಬಹಳಷ್ಟು ಕಾರುಗಳು ಸ್ಕ್ಯಾನರಿನಲ್ಲಿ ತೋರಿಸುತ್ತವೆ. ಕೊಂಡ ದಿನ ಅಲ್ಲಿ 12 ಕಿ.ಮೀ. ಎಂದಿದ್ದರೆ ಯಾರೋ ಆ ಬೆಳಿಗ್ಗೆಯೇ ಅಳಿಸಿದ್ದಾರೆ. ಬ್ಯಾಟರಿ ಬಿಚ್ಚಿದರೂ ಹಾಗೆ ಆಗುವುದುಂಟು, ಆದ್ದರಿಂದ ಬ್ಯಾಟರಿ ಬದಲಾಗಿತ್ತೇ ಎಂದು ಕೇಳಿ ತಿಳಿದುಕೊಳ್ಳಿ.

ಪ್ರಶ್ನೆ: ಕೊಂಡು ಒಂದು ತಿಂಗಳಾದ ಪೆಟ್ರೋಲ್ ಸೆಡಾನ್. ಊರಲ್ಲಿ ಓಡಿಸುವಾಗ ಏನೂ ಇಲ್ಲ, ಶಿರಾಡಿ ಘಾಟಿ ಹತ್ತುವಾಗ ಟೆಂಪರೇಚರ್ ಮುಳ್ಳು ಕೆಂಪಿಗೆ ಹೋಗುತ್ತದೆ. ವಾರಕ್ಕೆ ಅರ್ಧ ಲೀಟರ್ ಕೂಲಂಟ್ ಕಡಿಮೆಯಾಗುತ್ತದೆ, ಕೆಳಗೆ ಎಲ್ಲೂ ತೊಟ್ಟಿಕ್ಕಿಲ್ಲ. ಒಬ್ಬರು ಥರ್ಮೋಸ್ಟಾಟ್ ತೆಗೆದುಹಾಕಿ ಎಂದರು, ಇನ್ನೊಬ್ಬರು ಹೆಡ್ ಬಿಚ್ಚಬೇಕು ಎಂದರು. – ಓದುಗರು, ಪುತ್ತೂರು

ಉತ್ತರ: ಮೊದಲಿಗೆ, ಕಾರಣ ಸಿಗುವವರೆಗೆ ಘಾಟಿ ಹತ್ತಬೇಡಿ. ಒಂದೇ ಒಂದು ಸಲ ಜೋರಾಗಿ ಕಾದರೂ ಅಲ್ಯೂಮಿನಿಯಂ ಹೆಡ್ ಬಾಗಬಹುದು. ದಾರಿಯಲ್ಲೇ ಮುಳ್ಳು ಏರಿದರೆ ಎಸಿ ಆಫ್ ಮಾಡಿ, ಹೀಟರ್ ಪೂರ್ತಿ ಬಿಸಿಗೆ ತಿರುಗಿಸಿ, ಬ್ಲೋವರ್ ಜೋರಾಗಿಡಿ. ಹೀಟರಿನ ಪುಟ್ಟ ರೇಡಿಯೇಟರೂ ಎಂಜಿನ್ ಬಿಸಿಯನ್ನು ಹೊರಗೆ ಹಾಕುತ್ತದೆ. ಆಗಲೂ ಇಳಿಯದಿದ್ದರೆ ಪಕ್ಕಕ್ಕೆ ನಿಲ್ಲಿಸಿ ಎಂಜಿನ್ ಆಫ್ ಮಾಡಿ. ಕನಿಷ್ಠ ಮುಕ್ಕಾಲು ಗಂಟೆ ರೇಡಿಯೇಟರ್ ಕ್ಯಾಪ್ ಮುಟ್ಟಬೇಡಿ. ಒಳಗೆ ಒತ್ತಡವಿರುವುದರಿಂದ ಕೂಲಂಟ್ 100 ಡಿಗ್ರಿ ದಾಟಿದರೂ ಕುದಿಯದೆ ನಿಂತಿರುತ್ತದೆ. ಕ್ಯಾಪ್ ಸಡಿಲಾದ ಕ್ಷಣ ಒತ್ತಡ ಬಿದ್ದು ಇಡೀ ನೀರು ಒಮ್ಮೆಲೇ ಉಕ್ಕಿ ಮುಖಕ್ಕೆ ಹಾರುತ್ತದೆ. ಬಿಸಿ ಎಂಜಿನ್ ಮೇಲೆ ತಣ್ಣೀರು ಸುರಿಯುವುದೂ ಬೇಡ, ಹೆಡ್ ಸೀಳುತ್ತದೆ.

ಯಾವಾಗ ಬಿಸಿಯಾಗುತ್ತದೆ ಎಂಬುದರಲ್ಲೇ ಅರ್ಧ ಉತ್ತರವಿದೆ. ಟ್ರಾಫಿಕ್ಕಿನಲ್ಲಿ ಏರಿ ಹೆದ್ದಾರಿಯಲ್ಲಿ ಇಳಿದರೆ ತಪ್ಪು ಫ್ಯಾನಿನದು. ನಿಮ್ಮದು ಅದಕ್ಕೆ ವಿರುದ್ಧ, ಎಂಜಿನ್ ಮೇಲೆ ಹೊರೆ ಬಿದ್ದಾಗ ಏರುತ್ತಿದೆ. ಹಾಗಿದ್ದರೆ ಕಟ್ಟಿಕೊಂಡ ರೇಡಿಯೇಟರ್, ಸವೆದ ವಾಟರ್ ಪಂಪ್, ಪೂರ್ತಿ ತೆರೆಯದ ಥರ್ಮೋಸ್ಟಾಟ್ (ಎಂಜಿನ್ ಬಿಸಿಯಾದಾಗ ಕೂಲಂಟಿಗೆ ದಾರಿ ಬಿಡುವ ವಾಲ್ವ್), ಹೆಡ್ ಗ್ಯಾಸ್ಕೆಟ್, ಈ ನಾಲ್ಕರಲ್ಲಿ ಒಂದು. ಕೂಲಂಟ್ ಕಾಣದಂತೆ ಕಡಿಮೆಯಾಗುತ್ತಿದೆ ಎಂದಿದ್ದೀರಿ, ಹಾಗಾಗಿ ಗ್ಯಾಸ್ಕೆಟ್ ಮೇಲೆ ಅನುಮಾನ ಸ್ವಲ್ಪ ಹೆಚ್ಚು. ಆದರೂ ಅನುಮಾನದ ಮೇಲೆ ಹೆಡ್ ಬಿಚ್ಚಿಸಬೇಡಿ. ಈ ಕ್ರಮದಲ್ಲಿ ಹೋಗಿ.

ತಣ್ಣಗಿರುವಾಗ ಕ್ಯಾಪ್ ತೆಗೆದು ರಬ್ಬರ್ ವಾಷರ್ ನೋಡಿ. ಸೀಳಿದ್ದರೆ ಕೂಲಂಟ್ ಆವಿಯಾಗಿ ಹೋಗುತ್ತದೆ, ನೆಲದ ಮೇಲೆ ಗುರುತೇ ಇರುವುದಿಲ್ಲ. ಕಾರಿಗೆ ಹೇಳಿದ ಒತ್ತಡದ ಕ್ಯಾಪನ್ನೇ ಹಾಕಿ, 0.9 ಅಥವಾ 1.1 ಎಂದು ಮೇಲೆ ಅಚ್ಚಾಗಿರುತ್ತದೆ. ನಂತರ ಕೈಪಂಪಿನ ಪ್ರೆಷರ್ ಟೆಸ್ಟರ್ ಕೂರಿಸಿ ಕ್ಯಾಪಿನ ಮೇಲಿರುವಷ್ಟೇ ಒತ್ತಡ ಕೊಟ್ಟು ಹದಿನೈದು ನಿಮಿಷ ಬಿಡಿ. ಮುಳ್ಳು ಇಳಿದರೆ ಸೋರಿಕೆ ಇದೆ. ಹೋಸ್ ಪೈಪು, ವಾಟರ್ ಪಂಪಿನ ಕೆಳಗಿನ ಸಣ್ಣ ತೂತು, ಮುಂದಿನ ಸೀಟಿನ ಕಾಲ ಬಳಿಯ ಕಾರ್ಪೆಟ್, ಮೂರೂ ಕಡೆ ಕೈಯಾಡಿಸಿ. ಕಾರ್ಪೆಟ್ ಅಂಟಂಟಾಗಿದ್ದರೆ ಹೀಟರ್ ಸೋರುತ್ತಿದೆ.

ಹೊರಗೆ ಏನೂ ಸಿಗದಿದ್ದರೆ ಬ್ಲಾಕ್ ಟೆಸ್ಟ್. ನೀಲಿ ದ್ರಾವಣವಿರುವ ಕೊಳವೆಯನ್ನು ರೇಡಿಯೇಟರ್ ಬಾಯಿಗೆ ಇಟ್ಟು, ಎಂಜಿನ್ ಚಾಲೂ ಇರುವಾಗ ಒಳಗಿನ ಗಾಳಿ ಎಳೆಯುತ್ತಾರೆ. ಸಿಲಿಂಡರಿನ ಹೊಗೆ ಕೂಲಂಟಿಗೆ ಸೇರಿದ್ದರೆ ನೀಲಿ ಹಳದಿಗೆ ತಿರುಗುತ್ತದೆ. ಇದು ಬಂದ ಮೇಲೆ ಹೆಡ್ ಬಿಚ್ಚುವುದಕ್ಕೆ ಒಪ್ಪಿಗೆ ಕೊಡಿ. ಆಯಿಲ್ ಕ್ಯಾಪಿನ ಕೆಳಗೆ ಬಿಳಿ ನೊರೆ ಕಂಡಿತು ಎಂದು ಮಾತ್ರ ಹೆದರಬೇಡಿ. ನಿಮ್ಮ ಕಡೆಯ ಮಳೆಗಾಲದಲ್ಲಿ ದಿನಕ್ಕೆ ಎರಡು ಮೂರು ಕಿ.ಮೀ. ಓಡಿಸಿದರೂ ತೇವ ಕಟ್ಟಿ ಹಾಗಾಗುತ್ತದೆ. ಡಿಪ್‌ಸ್ಟಿಕ್ಕಿನ ಆಯಿಲ್ಲೇ ಹಾಲು ಬೆರೆಸಿದ ಕಾಫಿಯಂತೆ ಕಂಡರೆ ಅದು ಬೇರೆ ಮಾತು, ಆ ಕಾರನ್ನು ಮತ್ತೆ ಸ್ಟಾರ್ಟ್ ಮಾಡಬಾರದು.

ಹೆಡ್ ಬಿಚ್ಚಿದಾಗ ಗ್ಯಾಸ್ಕೆಟ್ ಒಂದನ್ನು ಬದಲಿಸಿ ಮುಚ್ಚಲು ಬಿಡಬೇಡಿ. ಉಕ್ಕಿನ ನೇರ ಪಟ್ಟಿ ಇಟ್ಟು ಫೀಲರ್ ಗೇಜಿನಿಂದ ಬಾಗು ಅಳೆಯಬೇಕು. ಅನೇಕ ಎಂಜಿನ್‌ಗಳಲ್ಲಿ 0.05 ಎಂಎಂ ಆಸುಪಾಸು ಮಿತಿ, ನಿಮ್ಮ ಎಂಜಿನ್ನಿನದು ವರ್ಕ್‌ಶಾಪ್ ಮ್ಯಾನ್ಯುಯಲ್ಲಿನಲ್ಲಿರುತ್ತದೆ. ಮೀರಿದ್ದರೆ ಲೇತ್ ಅಂಗಡಿಯಲ್ಲಿ ಫೇಸಿಂಗ್ (ಮೈ ಸಮ ಮಾಡುವುದು), ಜೊತೆಗೆ ಸೀಳಿಗಾಗಿ ಪ್ರೆಷರ್ ಟೆಸ್ಟ್. ಹೆಡ್ ಬೋಲ್ಟ್ ಒಂದೇ ಬಾರಿ ಬಳಸುವ ಬಗೆಯದಾದರೆ ಹೊಸದೇ ಬೇಕು. ನಡುವಿನಿಂದ ಹೊರಕ್ಕೆ, ಹಂತ ಹಂತವಾಗಿ, ಟಾರ್ಕ್ ವ್ರೆಂಚಿನಿಂದಲೇ ಬಿಗಿಯಬೇಕು. ಕೈ ಅಂದಾಜಿನಲ್ಲಿ ಬಿಗಿದ ಹೆಡ್ ಮತ್ತೆ ಸೋರಿದರೆ ಅಚ್ಚರಿಯಿಲ್ಲ.

ಥರ್ಮೋಸ್ಟಾಟ್ ತೆಗೆದುಹಾಕುವುದು ದೋಷವನ್ನು ಮುಚ್ಚುವ ಕೆಲಸವೇ ಹೊರತು ರಿಪೇರಿಯಲ್ಲ. ಎಂಜಿನ್ ಬಿಸಿಯಾಗದೆ ಕಂಪ್ಯೂಟರ್ ಹೆಚ್ಚು ಪೆಟ್ರೋಲ್ ಬಿಡುತ್ತದೆ, ಮೈಲೇಜ್ ಬೀಳುತ್ತದೆ, ಸಿಲಿಂಡರ್ ಬೇಗ ಸವೆಯುತ್ತದೆ. ಪರೀಕ್ಷೆ ಸುಲಭ: ಪಾತ್ರೆಯ ನೀರಲ್ಲಿ ದಾರ ಕಟ್ಟಿ ಇಳಿಬಿಟ್ಟು ಕಾಯಿಸಿ, ಅದರ ಮೇಲೆ ಅಚ್ಚಾದ ಡಿಗ್ರಿಯ ಹೊತ್ತಿಗೆ (ಸಾಮಾನ್ಯವಾಗಿ 82ರಿಂದ 88) ಬಾಯಿ ಬಿಡಬೇಕು. ಹಿಂದಿನ ಮಾಲೀಕರು ಏನಾದರೂ ಮುಚ್ಚಿದ್ದಾರೆಯೇ ಎಂದೂ ನೋಡಿ. ಎಸಿ ಹಾಕದೆ, ತಣ್ಣನೆಯ ಎಂಜಿನ್ನಿನಲ್ಲಿ ಕೀ ತಿರುಗಿಸಿದ ಕೂಡಲೇ ಫ್ಯಾನ್ ತಿರುಗತೊಡಗಿದರೆ, ಯಾರೋ ವೈರ್ ಡೈರೆಕ್ಟ್ ಮಾಡಿದ್ದಾರೆ ಅಥವಾ ಸೆನ್ಸರ್ ಕೆಟ್ಟಿದೆ. ರೇಡಿಯೇಟರಿಗೆ ಅರಿಶಿನ ಪುಡಿ, ಸೋರಿಕೆ ಮುಚ್ಚುವ ಪೌಡರ್ ಹಾಕಿಸಲೇಬೇಡಿ, ಹೀಟರಿನ ಸಣ್ಣ ನಳಿಗೆಗಳು ಕಟ್ಟಿಕೊಳ್ಳುತ್ತವೆ. ಬೋರ್‌ವೆಲ್ ನೀರೂ ಬೇಡ. ಕೂಲಂಟ್ ಅರ್ಧ, ಡಿಸ್ಟಿಲ್ಡ್ ವಾಟರ್ ಅರ್ಧ. ತುಂಬಿದ ಮೇಲೆ ಏರ್ ಬ್ಲೀಡ್ ಮಾಡಿಸಿ, ಅಂದರೆ ಒಳಗೆ ಸಿಕ್ಕಿಕೊಂಡ ಗಾಳಿ ತೆಗೆಸಿ.

ಪ್ರಶ್ನೆ: ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ನೀಲಿ ಹೊಗೆ, ಆಮೇಲೆ ಇರುವುದಿಲ್ಲ. ಎಂಜಿನ್ ಬೋರಿಗೆ ಬಂದಿದೆ ಎನ್ನುತ್ತಾರೆ. – ಓದುಗರು, ಗದಗ

ಉತ್ತರ: ಬೆಳಗಿನ ಒಂದು ಉಸಿರು ಹೊಗೆಗೆ ಬೋರ್ ಕೆಲಸ (ಸವೆದ ಸಿಲಿಂಡರ್ ಕೊರೆಸುವುದು) ಬೇಕಿಲ್ಲ. ರಾತ್ರಿ ಹೊತ್ತು ವಾಲ್ವ್ ಸೀಲಿನ ಮೂಲಕ ಆಯಿಲ್ ಇಳಿದು ಬೆಳಿಗ್ಗೆ ಸುಡುತ್ತದೆ. ಬಹುತೇಕ ಎಂಜಿನ್‌ಗಳಲ್ಲಿ ಹೆಡ್ ಇಳಿಸದೆಯೇ ಆ ಸೀಲ್ ಬದಲಿಸಬಹುದು. ಆಕ್ಸಿಲರೇಟರ್ ಒತ್ತಿದಷ್ಟೂ ಹೊಗೆ ಬಂದರೆ ಮಾತ್ರ ರಿಂಗ್ ಮೇಲೆ ಅನುಮಾನ. ಯಾವುದಕ್ಕೂ ಮುಂಚೆ ಪಿಸಿವಿ ವಾಲ್ವ್ (ಎಂಜಿನ್ ಒಳಗಿನ ಆವಿಯನ್ನು ಹೊರಬಿಡುವುದು) ಬದಲಿಸಿ ನೋಡಿ, ಕಡಿಮೆ ಬೆಲೆಯದು. ಡಿಪ್‌ಸ್ಟಿಕ್ ಗುರುತಿಸಿ 1,000 ಕಿ.ಮೀ.ಗೆ ಎಷ್ಟು ಆಯಿಲ್ ಇಳಿಯಿತು ಎಂದು ಬರೆದಿಡಿ. ದಪ್ಪ ಆಯಿಲ್ ಹಾಕಿ ಹೊಗೆ ಅಡಗಿಸುವ ಸಲಹೆಗೆ ಒಪ್ಪಬೇಡಿ.

ಪ್ರಶ್ನೆ: 2021ರ ಡೀಸೆಲ್ ಎಸ್‌ಯುವಿ ಕೊಂಡೆ. ಆಫೀಸಿಗೆ ದಿನಾ 6 ಕಿ.ಮೀ. ಡಿಪಿಎಫ್ ದೀಪ ಬರುತ್ತಿದೆ, ಎಂಜಿನ್ ಆಯಿಲ್ ಮಟ್ಟ ಮ್ಯಾಕ್ಸ್ ಗುರುತಿಗಿಂತ ಮೇಲಿದೆ. – ಓದುಗರು, ಬೆಂಗಳೂರು

ಉತ್ತರ: ಎರಡೂ ಒಂದೇ ಕಾಯಿಲೆ. 2020ರ ಏಪ್ರಿಲ್‌ನಿಂದ ಜಾರಿಯಾದ ಬಿಎಸ್6 ಹೊಗೆ ನಿಯಮದ ಡೀಸೆಲ್ ಕಾರುಗಳಲ್ಲಿ ಮಸಿ ಹಿಡಿಯುವ ಫಿಲ್ಟರ್ ಇರುತ್ತದೆ, ಅದೇ ಡಿಪಿಎಫ್. ಸುಮಾರು 600 ಡಿಗ್ರಿ ಕಾಯಿಸಿ ಆ ಮಸಿಯನ್ನು ಸುಡಬೇಕು. ಅದಕ್ಕಾಗಿ ಎಂಜಿನ್ ಹೆಚ್ಚುವರಿ ಡೀಸೆಲ್ ಚಿಮ್ಮಿಸುತ್ತದೆ. ನೀವು ನಡುವೆಯೇ ಆಫ್ ಮಾಡಿದರೆ ಸುಡುವ ಕೆಲಸ ಅರ್ಧಕ್ಕೆ ನಿಂತು ಮತ್ತೆ ಮತ್ತೆ ಶುರುವಾಗುತ್ತದೆ. ಪ್ರತಿ ಸಲವೂ ಒಂದಿಷ್ಟು ಡೀಸೆಲ್ ಸಿಲಿಂಡರ್ ಗೋಡೆಯಿಂದ ಎಂಜಿನ್ ತಳದ ಆಯಿಲ್ ತೊಟ್ಟಿಗೆ ಇಳಿಯುತ್ತದೆ. ತೆಳ್ಳಗಾದ ಆಯಿಲ್ ಬೇರಿಂಗುಗಳನ್ನೂ ಟರ್ಬೊವನ್ನೂ ಕಾಯುವುದಿಲ್ಲ.

ಡಿಪ್‌ಸ್ಟಿಕ್ ಮೂಸಿ ನೋಡಿ, ಡೀಸೆಲ್ ವಾಸನೆಯಿದ್ದರೆ ಅವಧಿ ನೋಡದೆ ಆಯಿಲ್, ಫಿಲ್ಟರ್ ಬದಲಿಸಿ. ಮ್ಯಾನ್ಯುಯಲ್ಲಿನಲ್ಲಿ ಹೇಳಿದ ಕಡಿಮೆ ಬೂದಿಯ ಆಯಿಲ್ಲೇ ಆಗಬೇಕು, ಬೇರೆ ಆಯಿಲ್ಲಿನ ಬೂದಿ ಫಿಲ್ಟರಿನಲ್ಲಿ ಶಾಶ್ವತವಾಗಿ ಕೂರುತ್ತದೆ. ಆಯಿಲ್ ಬದಲಿಸಿದ ಮೇಲೆ ತುಮಕೂರು ರಸ್ತೆಯಂತಹ ತೆರವಾದ ಹೆದ್ದಾರಿಯಲ್ಲಿ 60 ಕಿ.ಮೀ.ಗೂ ಹೆಚ್ಚು ವೇಗದಲ್ಲಿ, ಆರ್‌ಪಿಎಂ 2,000ಕ್ಕೂ ಮೇಲಿಟ್ಟು 20 ನಿಮಿಷ ಓಡಿಸಿ. ದೀಪ ಆರದಿದ್ದರೆ ಸರ್ವಿಸ್ ಸೆಂಟರಿನಲ್ಲಿ ಸ್ಕ್ಯಾನರ್ ಮೂಲಕ ರಿಜನರೇಷನ್ (ಮಸಿ ಸುಡುವ ಕೆಲಸ) ಮಾಡಿಸಿ. ಫಿಲ್ಟರ್ ಕಿತ್ತು ಪೈಪ್ ಹಾಕಿಸುವುದು ಕಾನೂನುಬಾಹಿರ. ದಿನಕ್ಕೆ 6 ಕಿ.ಮೀ. ಓಡಾಟಕ್ಕೆ ಪೆಟ್ರೋಲ್ ಕಾರೇ ಸರಿ ಎಂಬುದು ನಮ್ಮ ಖಚಿತ ಅಭಿಪ್ರಾಯ.

ಪ್ರಶ್ನೆ: ಹಳೆ ಕಾರು ಮಾರುವ ಅಂಗಡಿಯಿಂದ ಕೊಂಡೆ. ಎಂಜಿನ್ ದೋಷ ಮುಚ್ಚಿಟ್ಟಿದ್ದರು. ದೂರು ಕೊಡಬಹುದೇ? – ಓದುಗರು, ಹಾವೇರಿ

ಉತ್ತರ: ವ್ಯಾಪಾರಿಯಿಂದ ಸ್ವಂತ ಬಳಕೆಗೆ ಕೊಂಡಿದ್ದರೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗಬಹುದು. ವ್ಯಾಜ್ಯದ ಕಾರಣ ಹುಟ್ಟಿದ ಎರಡು ವರ್ಷದೊಳಗೆ ದೂರು ಸಲ್ಲಿಸಬೇಕು, ಕಾರಿಗೆ ಕೊಟ್ಟ ಹಣ 5 ಲಕ್ಷದೊಳಗಿದ್ದರೆ ಶುಲ್ಕವಿಲ್ಲ. ಮೊದಲು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ ನೋಡಿ. ಒಬ್ಬ ವ್ಯಕ್ತಿಯಿಂದ ನೇರವಾಗಿ ಕೊಂಡಿದ್ದರೆ ಈ ದಾರಿ ಇಲ್ಲ, ಸಿವಿಲ್ ನ್ಯಾಯಾಲಯವೇ ಗತಿ.

ರಿಪೇರಿಗೆ ಕೊಡುವ ಮುಂಚೆಯೇ ವ್ಯಾಪಾರಿಗೆ ಲಿಖಿತವಾಗಿ ತಿಳಿಸಿ, ವಾಟ್ಸ್ಆ್ಯಪ್ ಸಂದೇಶವನ್ನು ಉಳಿಸಿಕೊಳ್ಳಿ. ಜಾಹೀರಾತಿನ ಸ್ಕ್ರೀನ್‌ಶಾಟ್, ಹಣ ಕೊಟ್ಟ ರಸೀದಿ, ಸ್ಕ್ಯಾನ್ ವರದಿ, ಓಡೋಮೀಟರ್ ಫೋಟೊ ಮತ್ತು ದೋಷದ ಕಾರಣವನ್ನು ಸ್ಪಷ್ಟವಾಗಿ ಬರೆದ ಜಾಬ್ ಕಾರ್ಡ್ ಬೇಕು. 'ಎಂಜಿನ್ ಕೆಲಸ' ಎಂದಷ್ಟೇ ಬರೆದ ಬಿಲ್ಲಿನಿಂದ ಏನೂ ಸಾಬೀತಾಗುವುದಿಲ್ಲ. ಬಿಚ್ಚಿದ ಹಳೆ ಪಾರ್ಟ್‌ಗಳನ್ನು ಗುಜರಿಗೆ ಹೋಗಲು ಬಿಡದೆ ಕೇಳಿ ಪಡೆದು, ದಿನಾಂಕದ ಚೀಟಿ ಅಂಟಿಸಿ ಇಟ್ಟುಕೊಳ್ಳಿ.