ಬಾಲಿಯ ಹಳ್ಳಿಯಲ್ಲಿ ಗದ್ದೆ ಕೊಂಡು ಹೋಂಸ್ಟೇ ಮಾಡಬಹುದೇ?

ನೀವು ಕೇಳಿರುವುದು ಇಷ್ಟು: ಬೆಂಗಳೂರಿನ ಸೈಟು ಮಾರಿದ ದುಡ್ಡಿನಲ್ಲಿ ಬಾಲಿ ದ್ವೀಪದ ತಬಾನನ್ ಜಿಲ್ಲೆಯಲ್ಲಿ ಇಪ್ಪತ್ತು ಗುಂಟೆ ಗದ್ದೆ ತೆಗೆದುಕೊಂಡು, ಮೂರು ಕಾಟೇಜ್ ಕಟ್ಟಿ, ಹೋಂಸ್ಟೇ ನಡೆಸಿಕೊಂಡು ಅಲ್ಲೇ ಇದ್ದುಬಿಡಬೇಕೆಂಬ ಆಸೆ. ಏಜೆಂಟ್ ಒಬ್ಬ "ಊರಿನವರೊಬ್ಬರ ಹೆಸರಲ್ಲಿ ನೋಂದಣಿ ಮಾಡಿಸೋಣ, ನಿಮಗೆ ಪ್ರತ್ಯೇಕ ಕರಾರು ಬರೆಸಿಕೊಡ್ತೀನಿ" ಎಂದು ಮುಂಗಡ ಕೇಳುತ್ತಿದ್ದಾನೆ. ಕಾನೂನು ಏನು ಹೇಳುತ್ತದೆ, ಬದುಕು ಹೇಗಿದೆ, ಪ್ರವಾಸಿಗರು ಬರುತ್ತಾರಾ?

ಮೊದಲು ಒಂದು ಮಾತು: ಮುಂಗಡ ಕೊಡಬೇಡಿ.

ನಾನು ತೀರ್ಥಹಳ್ಳಿ ಕಡೆಯವನು. ಕೆಲವು ವರ್ಷಗಳಿಂದ ತಬಾನನ್ ಜಿಲ್ಲೆಯ ಪೆನೆಬೆಲ್ ಭಾಗದ ಒಂದು ಹಳ್ಳಿಯಲ್ಲಿ ಬಾಡಿಗೆ ಮನೆ ಹಿಡಿದು ಸಂಸಾರ ಸಮೇತ ಇದ್ದೇನೆ. ಬಾಟುಕಾರು ಪರ್ವತದ ಇಳಿಜಾರು ಇದು. ಜಗತ್ತಿಗೆಲ್ಲ ಗೊತ್ತಿರುವ ಜತಿಲುವಿಹ್‌ನ ಮೆಟ್ಟಿಲುಗದ್ದೆಗಳು ಇದೇ ತಾಲ್ಲೂಕಿನಲ್ಲಿವೆ. ಗದ್ದೆ ನೋಡಿಯೇ ಬೆಳೆದವನಾದ್ದರಿಂದ ನಿಮ್ಮ ಆಸೆ ನನಗೆ ಚೆನ್ನಾಗಿ ಅರ್ಥವಾಗುತ್ತದೆ.

ಇಂಡೋನೇಷ್ಯಾದ 1960ರ ಮೂಲ ಭೂ ಕಾಯ್ದೆಯ ಪ್ರಕಾರ ಜಮೀನಿನ ಪೂರ್ಣ ಒಡೆತನ, ಅಂದರೆ ಹಕ್ ಮಿಲಿಕ್, ಆ ದೇಶದ ಪ್ರಜೆಗೆ ಮಾತ್ರ. ಸುತ್ತುಬಳಸಿ ವಿದೇಶಿಯನಿಗೆ ಒಡೆತನ ದಾಟಿಸುವ ಯಾವ ವ್ಯವಹಾರವೂ ಅಸಿಂಧು ಎಂದು ಅದೇ ಕಾಯ್ದೆಯ 26ನೇ ವಿಧಿ ಹೇಳುತ್ತದೆ. ಜಮೀನು ಸರ್ಕಾರಕ್ಕೆ ಹೋಗುತ್ತದೆ, ಕೊಟ್ಟ ಹಣ ಮರಳಿ ಕೇಳುವಂತಿಲ್ಲ. ನಿಮ್ಮ ಏಜೆಂಟ್ ಹೇಳುತ್ತಿರುವುದು ನಮ್ಮ ಭಾಷೆಯಲ್ಲಿ ಬೇನಾಮಿ. ಹೆಸರು ಕೊಟ್ಟ ಮನುಷ್ಯ ಸಜ್ಜನನೇ ಇರಬಹುದು. ಆದರೆ ಅವನು ತೀರಿಕೊಂಡ ಮೇಲೆ ಮಕ್ಕಳು ಬಂದು "ಇದು ನಮ್ಮಪ್ಪನ ಹೆಸರಲ್ಲಿದೆ" ಎಂದರೆ ನಿಮ್ಮ ಪ್ರತ್ಯೇಕ ಕರಾರನ್ನು ಯಾವ ನ್ಯಾಯಾಲಯದ ಮುಂದೆ ಇಡುತ್ತೀರಿ? ಅದನ್ನು ತೋರಿಸಿದರೆ ಕಾನೂನು ತಪ್ಪಿಸಿದ್ದಕ್ಕೆ ನೀವೇ ಸಾಕ್ಷಿ ಕೊಟ್ಟ ಹಾಗೆ. ಈ ನಿಯಮ ಅನ್ಯಾಯ ಎಂದು ನನಗೆ ಅನ್ನಿಸುವುದಿಲ್ಲ. ನಮ್ಮ ದೇಶದಲ್ಲೂ ವಿದೇಶಿಯರು ಕೃಷಿ ಜಮೀನು ಕೊಳ್ಳುವಂತಿಲ್ಲ. ಅನಿವಾಸಿ ಭಾರತೀಯರಿಗೂ ವಿದೇಶಿ ವಿನಿಮಯದ ಫೆಮಾ ಕಾನೂನಿನಡಿ ಗದ್ದೆ, ತೋಟ, ಫಾರ್ಮ್‌ಹೌಸ್ ಖರೀದಿಗೆ ಅವಕಾಶವಿಲ್ಲ.

ವಿದೇಶಿಯರಿಗೆ ಇರುವ ದಾರಿಗಳು ಬೇರೆ. ವಾಸದ ಪರವಾನಗಿ ಇದ್ದವರಿಗೆ ಮನೆಯ ಮೇಲೆ ಹಕ್ ಪಕಾಯ್, ಅಂದರೆ ಬಳಕೆಯ ಹಕ್ಕು ಸಿಗುತ್ತದೆ. 2021ರ ನಿಯಮದ ಪ್ರಕಾರ ಮೊದಲು 30 ವರ್ಷ, ವಿಸ್ತರಣೆ 20, ನವೀಕರಣ 30. ಆದರೆ ಇದು ಸರ್ಕಾರ ನಿಗದಿ ಮಾಡಿದ ಕನಿಷ್ಠ ಬೆಲೆಗಿಂತ ಮೇಲಿನ ಮನೆಗಳಿಗೆ; ಗದ್ದೆಗೆ ಅನ್ವಯಿಸುವುದಿಲ್ಲ. ಕಂಪನಿ ಮಾಡಿಕೊಂಡರೆ ಕಟ್ಟಡದ ಹಕ್ಕು ಸಿಗುತ್ತದೆ ಎನ್ನುತ್ತಾರೆ, ನಿಜ. ಆದರೆ ವಿದೇಶಿ ಬಂಡವಾಳದ ಕಂಪನಿಗೆ 10 ಶತಕೋಟಿ ರುಪಿಯಾಕ್ಕಿಂತ ಹೆಚ್ಚಿನ ಹೂಡಿಕೆಯ ಯೋಜನೆ ತೋರಿಸಬೇಕು. ನಮ್ಮ ದುಡ್ಡಿನಲ್ಲಿ ಅದು ಐದು ಕೋಟಿಯ ಮೇಲೆ. ಮೂರು ಕಾಟೇಜಿಗೆ ಇದು ಹೊಂದುವುದಿಲ್ಲ. ಅದೂ ಅಲ್ಲದೆ ಮನೆಯವರೇ ಇದ್ದು ನಡೆಸುವ ನಾಲ್ಕೈದು ಕೋಣೆಯ ಹೋಂಸ್ಟೇ ವರ್ಗವನ್ನು ಇಲ್ಲಿನ ಸಣ್ಣ ಉದ್ದಿಮೆದಾರರಿಗೇ ಬಿಟ್ಟಿದ್ದಾರೆ.

ಉಳಿಯುವುದು ಗುತ್ತಿಗೆ. 25 ವರ್ಷ, 30 ವರ್ಷದ ಬಾಡಿಗೆಯನ್ನು ಒಮ್ಮೆಲೇ ಕೊಟ್ಟು ನೋಟರಿಸ್ ಮುಂದೆ ಬರೆಸಿಕೊಳ್ಳುವುದು ಇಲ್ಲಿ ರೂಢಿ. ಲೆಕ್ಕ ಆರ್‌ಗಳಲ್ಲಿ: ಒಂದು ಆರ್ ಎಂದರೆ 100 ಚದರ ಮೀಟರ್, ನಮ್ಮ ಒಂದು ಗುಂಟೆಗೆ ಹೆಚ್ಚುಕಡಿಮೆ ಸಮ. ಒಂದು ಆರ್‌ಗೆ ವರ್ಷಕ್ಕೆ ಇಷ್ಟು, ಅದಕ್ಕೆ ವರ್ಷಗಳಿಂದ ಗುಣಿಸಿ. ಸುಲಭ. ಆದರೆ ಅವಧಿ ಮುಗಿದ ದಿನ ಕಟ್ಟಡವೂ ಜಮೀನಿನ ಒಡೆಯನದ್ದಾಗುವಂತೆ ಕರಾರು ಇರುವುದೇ ಹೆಚ್ಚು. "ಮುಂದುವರಿಸಿಕೊಡುತ್ತೇವೆ" ಎಂಬ ಮಾತಿಗೆ ಮುಂದಿನ ಬೆಲೆ ಹೇಗೆ ನಿರ್ಧಾರವಾಗುತ್ತದೆ ಎಂದು ಬರೆಯದಿದ್ದರೆ ಆ ಸಾಲಿಗೆ ಬೆಲೆಯೇ ಇಲ್ಲ.

ಗುತ್ತಿಗೆಯಾದರೂ ಗದ್ದೆ ಬೇಡ ಎನ್ನುತ್ತೇನೆ. ಇದಕ್ಕೆ ಕಾನೂನಿಗಿಂತ ದೊಡ್ಡ ಕಾರಣವಿದೆ. ಅದನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು.

ಇಲ್ಲಿ ಯಾವ ಗದ್ದೆಯೂ ಒಂಟಿಯಾಗಿ ಗದ್ದೆಯಲ್ಲ. ಒಂದೇ ಕಾಲುವೆಯ ನೀರು ಕುಡಿಯುವ ಗದ್ದೆಗಳೆಲ್ಲ ಸೇರಿ ಒಂದು ಸುಬಾಕ್. ಅದಕ್ಕೊಬ್ಬ ಮುಖ್ಯಸ್ಥ, ಪೆಕಾಸೆಹ್. ನಮ್ಮ ಬಯಲುಸೀಮೆಯ ಕೆರೆಗಳ ನೀರುಗಂಟಿಯನ್ನು ನೆನೆಸಿಕೊಳ್ಳಿ, ಆದರೆ ಇವನನ್ನು ರೈತರೇ ಸಭೆ ಸೇರಿ ಆರಿಸುತ್ತಾರೆ. ತೂಬು ನೋಡಿಕೊಳ್ಳುವುದಷ್ಟೇ ಅಲ್ಲ, ಯಾವಾಗ ನಾಟಿ, ಯಾವಾಗ ಗದ್ದೆ ಬಿಡುವು ಎಂಬುದೂ ಅವನ ಮುಂದಾಳತ್ವದ ಸಭೆಯಲ್ಲೇ ತೀರ್ಮಾನ. ಅಣೆಕಟ್ಟೆಯ ಬಳಿ ಒಂದು ಗುಡಿ, ಕಾಲುವೆ ಕವಲೊಡೆಯುವಲ್ಲಿ ಒಂದು, ಪ್ರತಿ ಗದ್ದೆಗೆ ನೀರು ಬೀಳುವ ಮೂಲೆಯಲ್ಲಿ ಪುಟ್ಟದೊಂದು. ಈ ಗುಡಿಗಳ ಪೂಜೆಯ ಸರದಿಯೇ ನೀರಿನ ಸರದಿ.

ಒಂದು ಬಯಲಿನವರೆಲ್ಲ ಒಟ್ಟಿಗೆ ಕೊಯ್ದು ಒಟ್ಟಿಗೆ ಬಿಡುವು ಕೊಟ್ಟಾಗ ಕೀಟಕ್ಕೂ ಇಲಿಗೂ ತಿನ್ನಲು ಏನೂ ಇರುವುದಿಲ್ಲ, ಸಂತತಿ ಕುಸಿಯುತ್ತದೆ. 1970ರ ದಶಕದಲ್ಲಿ ಹಸಿರು ಕ್ರಾಂತಿ ಬಂದು, ಯಾರಿಗೆ ಯಾವಾಗ ಬೇಕೋ ಆವಾಗ ಬೆಳೆಯಿರಿ, ಎಷ್ಟು ಬೆಳೆ ಆದರೂ ತೆಗೆಯಿರಿ ಎಂದಾಗ ಈ ಲಯ ಮುರಿಯಿತು. ಕಂದು ಜಿಗಿಹುಳು ಬಯಲು ಬಯಲನ್ನೇ ತಿಂದು ಹಾಕಿತು, ನೀರಿಗೂ ಜಗಳ. ಆಮೇಲೆ ಸ್ಟೀಫನ್ ಲ್ಯಾನ್ಸಿಂಗ್ ಎಂಬ ಮಾನವಶಾಸ್ತ್ರಜ್ಞ, ಜೇಮ್ಸ್ ಕ್ರೆಮರ್ ಎಂಬ ಪರಿಸರ ವಿಜ್ಞಾನಿಯ ಜೊತೆ ಸೇರಿ ಕಂಪ್ಯೂಟರ್ ಮಾದರಿಯಲ್ಲಿ ತೋರಿಸಿದ್ದು ಇದನ್ನೇ: ಗುಡಿಗಳ ಮೂಲಕ ನಡೆಯುತ್ತಿದ್ದ ಹೊಂದಾಣಿಕೆ ನೀರು ಮತ್ತು ಕೀಟ ಎರಡನ್ನೂ ಸರಿದೂಗಿಸುತ್ತಿತ್ತು. 2012ರಲ್ಲಿ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದ್ದು ಬರೀ ಮೆಟ್ಟಿಲುಗದ್ದೆಯ ಚೆಲುವನ್ನಲ್ಲ, ಈ ಸುಬಾಕ್ ವ್ಯವಸ್ಥೆಯನ್ನು.

ಈಗ ನಿಮ್ಮ ಮೂರು ಕಾಟೇಜನ್ನು ಆ ಬಯಲಿನ ನಡುವೆ ಇಟ್ಟು ನೋಡಿ. ಅಡಿಪಾಯಕ್ಕೆ ಮಣ್ಣು ತುಂಬಿಸಿದ ಕೂಡಲೇ ಗದ್ದೆಯಿಂದ ಗದ್ದೆಗೆ ಇಳಿಯುತ್ತಿದ್ದ ನೀರು ದಾರಿ ತಪ್ಪುತ್ತದೆ. ಸೆಪ್ಟಿಕ್ ಟ್ಯಾಂಕಿನ ಸೋರಿಕೆ ಕೆಳಗಿನವನ ಸಸಿಮಡಿಗೆ. ಅತಿಥಿಗಳಿಗೆ ದಾರಿ ಬೇಕೆಂದು ಬದುವಿಗೆ ಕಾಂಕ್ರೀಟು. ಕೆಳಗಿನ ಗದ್ದೆಯವನಿಗೆ ನೀರು ಸಾಲದೆ ಬೆಳೆ ಕೈಕೊಡುತ್ತದೆ; ಅಷ್ಟರಲ್ಲಿ ಪಕ್ಕದಲ್ಲಿ ಕಟ್ಟಡ ಎದ್ದಿದ್ದಕ್ಕೆ ಅವನ ಜಮೀನಿನ ಬೆಲೆಯೂ ತೆರಿಗೆಯೂ ಏರಿರುತ್ತದೆ; ಅವನೂ ಕೊಟ್ಟುಬಿಡುತ್ತಾನೆ. ದಕ್ಷಿಣದ ಕಡಲತೀರದ ಚಂಗೂ, ಸೆಮಿನ್ಯಾಕ್ ಕಡೆ ಹೋಗಿ ನೋಡಿದರೆ ಈ ಕಥೆಯ ಕೊನೆ ಕಾಣುತ್ತದೆ: ಅಲ್ಲಿ ಗದ್ದೆಯ ಚಿತ್ರ ಹಾಕಿ ಜಾಹೀರಾತು ಕೊಟ್ಟ ವಿಲ್ಲಾಗಳ ಕಿಟಕಿಯಾಚೆ ಇನ್ನೊಂದು ವಿಲ್ಲಾದ ಗೋಡೆ ಇದೆ. ಗದ್ದೆ ನೋಡಲು ಬಂದ ಅತಿಥಿ ಅಲ್ಲಿಗೆ ಮತ್ತೆ ಯಾಕೆ ಬರಬೇಕು? ನಿಮ್ಮ ವ್ಯಾಪಾರದ ಬಂಡವಾಳ ನೀವು ಕಟ್ಟುವ ಕೋಣೆಯಲ್ಲ, ಪಕ್ಕದವನು ನೆಡುವ ನಾಟಿ.

ಸರ್ಕಾರವೂ ಈಗ ಬಿಗಿ ಮಾಡಿದೆ. ಆಹಾರ ಬೆಳೆಯ ಭೂಮಿ ಉಳಿಸಲು 2009ರಲ್ಲೇ ಕಾನೂನು ಬಂದಿದೆ, ಸಂರಕ್ಷಿತ ಗದ್ದೆಗಳ ನಕ್ಷೆಯಲ್ಲಿ ಬಾಲಿಯೂ ಸೇರಿದೆ. 2025ರ ಸೆಪ್ಟೆಂಬರ್ ಪ್ರವಾಹದಲ್ಲಿ ಹದಿನೈದಕ್ಕೂ ಹೆಚ್ಚು ಜನ ಸತ್ತ ಮೇಲೆ ಫಲವತ್ತಾದ ಗದ್ದೆಯಲ್ಲಿ ಹೊಸ ಹೋಟೆಲು, ರೆಸ್ಟೋರೆಂಟುಗಳಿಗೆ ಅನುಮತಿ ಕೊಡುವುದಿಲ್ಲ ಎಂದು ಗವರ್ನರ್ ಹೇಳಿದರು. ಅದೇ ವರ್ಷ ಡಿಸೆಂಬರ್‌ನಲ್ಲಿ ಜತಿಲುವಿಹ್‌ನ ಗದ್ದೆ ಬಯಲಿನಲ್ಲಿದ್ದ ಕೆಲವು ಕಟ್ಟಡಗಳಿಗೆ ಬೀಗಮುದ್ರೆ ಬಿತ್ತು. ಅದರಲ್ಲಿ ಊರಿನ ರೈತರದ್ದೇ ಆದ ಸಣ್ಣ ತಿಂಡಿ ಅಂಗಡಿಗಳೂ ಇದ್ದವು. ಸಿಟ್ಟಿಗೆದ್ದ ರೈತರು ತಮ್ಮ ಗದ್ದೆಗಳಲ್ಲಿ ತಗಡಿನ ಶೀಟುಗಳನ್ನು ನಿಲ್ಲಿಸಿ ಪ್ರವಾಸಿಗರ ನೋಟಕ್ಕೇ ಅಡ್ಡ ಹಾಕಿದರು. ನನಗೆ ಇದನ್ನು ನೋಡಿ ಬಹಳ ಸಂಕಟವಾಯಿತು, ಏಕೆಂದರೆ ಎರಡೂ ಕಡೆ ನ್ಯಾಯವಿದೆ. ಗದ್ದೆ ಉಳಿಯಲೇಬೇಕು. ಆದರೆ ಆ ನೋಟವನ್ನು ಬೆವರು ಸುರಿಸಿ ಕಟ್ಟಿದವನಿಗೆ ಪ್ರವಾಸಿಗರ ಪ್ರವೇಶ ಟಿಕೆಟ್ ದುಡ್ಡಿನಲ್ಲಿ ಸಿಗುವ ಪಾಲು ತೀರ ಕಡಿಮೆ.

ಪ್ರವಾಸೋದ್ಯಮದ ಭವಿಷ್ಯ ಕೇಳಿದ್ದಿರಿ. ಜನ ಬರುವುದರಲ್ಲಿ ಅನುಮಾನವಿಲ್ಲ. 2024ರಲ್ಲಿ ಬಾಲಿಗೆ ಸುಮಾರು 63 ಲಕ್ಷ ವಿದೇಶಿಯರು ಬಂದರು, ಕೋವಿಡ್‌ಗೂ ಹಿಂದಿನ 2019ರ ಮಟ್ಟವನ್ನು ದಾಟಿತು. ಆಸ್ಟ್ರೇಲಿಯಾದವರ ನಂತರ ನಮ್ಮವರೇ ಹೆಚ್ಚು. 2024ರ ಮಾರ್ಚ್ ಕೊನೆಯಿಂದ ಬೆಂಗಳೂರಿನಿಂದ ಬಾಲಿಯ ರಾಜಧಾನಿ ಡೆನ್ಪಸಾರ್‌ಗೆ ನೇರ ವಿಮಾನವೂ ಆಯಿತು. ಅದೇ ವರ್ಷ ಜತಿಲುವಿಹ್ ವಿಶ್ವಸಂಸ್ಥೆಯ ಪ್ರವಾಸೋದ್ಯಮ ಸಂಸ್ಥೆಯ ಅತ್ಯುತ್ತಮ ಪ್ರವಾಸಿ ಹಳ್ಳಿಗಳ ಪಟ್ಟಿ ಸೇರಿತು. ಆದರೆ ಬಂದವರಲ್ಲಿ ಹೆಚ್ಚಿನವರು ಬೆಳಿಗ್ಗೆ ಪ್ರವಾಸಿ ಪಟ್ಟಣ ಉಬುದ್‌ನಿಂದ ಕಾರಲ್ಲಿ ಬಂದು, ಫೋಟೋ ತೆಗೆದು, ಊಟ ಮಾಡಿ, ಸಂಜೆಯೊಳಗೆ ವಾಪಸ್. ಹಳ್ಳಿಯಲ್ಲಿ ರಾತ್ರಿ ತಂಗುವವರು ಬೇರೆಯೇ ಜಾತಿಯ ಪ್ರಯಾಣಿಕರು, ಅವರ ಸಂಖ್ಯೆ ಸಣ್ಣದು. ಮಳೆಗಾಲದಲ್ಲಿ ಕೋಣೆ ಖಾಲಿ. 2002ರ ಬಾಂಬ್ ಸ್ಫೋಟ, 2017ರ ಆಗುಂಗ್ ಜ್ವಾಲಾಮುಖಿ, ಆಮೇಲೆ ಕೋವಿಡ್: ಮೂರು ಸಲವೂ ವ್ಯಾಪಾರ ಏಕಾಏಕಿ ನಿಂತಿತು. ಆಗೆಲ್ಲ ಬದುಕಿದವರು ಗದ್ದೆ ಉಳಿಸಿಕೊಂಡಿದ್ದವರು. ಏಜೆಂಟರು ಟೋಲ್ ರಸ್ತೆ ಬರುತ್ತದೆ, ಉತ್ತರದಲ್ಲಿ ಹೊಸ ವಿಮಾನ ನಿಲ್ದಾಣ ಬರುತ್ತದೆ ಎಂದು ಬೆಲೆ ಏರಿಸುತ್ತಾರೆ. ಎರಡೂ ಮಾತುಗಳು ವರ್ಷಗಳಿಂದ ಇವೆ, ಅದರ ಮೇಲೆ ಲೆಕ್ಕ ಹಾಕಬೇಡಿ.

ಇನ್ನು ಬದುಕು. ಚೆನ್ನಾಗಿದೆ, ಮನಸಾರೆ ಹೇಳುತ್ತೇನೆ. ಹವೆ ಮಲೆನಾಡಿನದೇ: ತಂಪು, ಮಂಜು, ಮಳೆಗಾಲದಲ್ಲಿ ಬಟ್ಟೆಗೆ ಬೂಷ್ಟು. ಕೆಂಪಕ್ಕಿ ಅನ್ನ, ತೆಂಗಿನೆಣ್ಣೆ, ಕಾಯಿತುರಿ ಹಾಕಿದ ಸೊಪ್ಪಿನ ಪಲ್ಯ ನಮ್ಮ ಬಾಯಿಗೆ ಬೇಗ ಹೊಂದುತ್ತವೆ. ಸಸ್ಯಾಹಾರಿಗಳಾದರೆ ಸಾಂಬಲ್ ಚಟ್ನಿಯಲ್ಲಿ ಸಿಗಡಿ ಹಿಂಡಿ ಇರುತ್ತದೆ, ಕೇಳಿಯೇ ತಿನ್ನಿ. ಬೀದಿನಾಯಿ ಕಚ್ಚಿದರೆ ಅದೇ ದಿನ ಲಸಿಕೆಗೆ ಓಡಿ, 2008ರಿಂದ ದ್ವೀಪದಲ್ಲಿ ರೇಬಿಸ್ ಇದೆ. ದೊಡ್ಡ ಕಾಯಿಲೆಗೆ ಡೆನ್ಪಸಾರ್‌ಗೇ ಹೋಗಬೇಕು.

"ನಾವೂ ಹಿಂದೂಗಳು, ಸುಲಭವಾಗಿ ಬೆರೆಯುತ್ತೇವೆ" ಎಂದು ಬರೆದಿದ್ದೀರಿ. ಪ್ರೀತಿ ಖಂಡಿತ ಸಿಗುತ್ತದೆ. ಶಿವ, ವಿಷ್ಣು, ಗಂಗೆಯ ಹೆಸರು ಕೇಳಿದಾಗ ಅಜ್ಜಿಯರ ಮುಖ ಅರಳುತ್ತದೆ. ಶಕ ವರ್ಷ ಅವರಿಗೂ ಇದೆ. ಅವರ ಹೊಸವರ್ಷ ನ್ಯೆಪಿ 2023ರಲ್ಲಿ ನಮ್ಮ ಯುಗಾದಿಯ ದಿನವೇ ಬಂತು. ಆದರೆ ಆ ದಿನ ಇಲ್ಲಿ ಬೇವುಬೆಲ್ಲ, ಹೋಳಿಗೆಯ ಗದ್ದಲವಿಲ್ಲ. ದೀಪ ಹಚ್ಚುವಂತಿಲ್ಲ, ಮನೆಯಿಂದ ಹೊರಡುವಂತಿಲ್ಲ, ವಿಮಾನ ನಿಲ್ದಾಣವೂ ಇಡೀ ದಿನ ಮುಚ್ಚಿರುತ್ತದೆ. ಊರಿನ ಸದಸ್ಯತ್ವ ಧರ್ಮದಿಂದ ಬರುವುದಿಲ್ಲ, ಹೊಣೆಯಿಂದ ಬರುತ್ತದೆ. ಪ್ರತಿ ಮನೆಯೂ ಬಂಜಾರ್ ಎಂಬ ಕೇರಿ ಸಂಘಕ್ಕೆ ಸೇರಿದ್ದು. ಮರದ ಗಂಟೆ ಬಡಿದರೆ ಗುಡಿಯ ಕೆಲಸಕ್ಕೋ ಶವಸಂಸ್ಕಾರಕ್ಕೋ ಎದ್ದು ಹೋಗಬೇಕು. ನಾವು ಹೊರಗಿನವರಾಗಿಯೇ ಇರುತ್ತೇವೆ. ವಂತಿಗೆ ಕೊಟ್ಟು, ಕರೆದಾಗ ಹೋಗಿ ತೆಂಗಿನಗರಿ ಸೀಳಿಕೊಟ್ಟರೆ ಗೌರವ ಇದೆ. ಇಷ್ಟು ನನಗೆ ಸಾಕಾಗಿದೆ.

ಹಾಗಾದರೆ ಏನು ಮಾಡಬಹುದು? ಊರೊಳಗೆ, ಗದ್ದೆಯಲ್ಲಲ್ಲ, ಈಗಾಗಲೇ ಕಟ್ಟಿರುವ ಮನೆ ಅಥವಾ ಹಿತ್ತಲ ಕೋಣೆಗಳಿರುವ ಕುಟುಂಬವನ್ನು ಹುಡುಕಿ. ಹೋಂಸ್ಟೇ ಪರವಾನಗಿ ಅವರ ಹೆಸರಲ್ಲಿ, ವ್ಯವಹಾರ ಅವರದ್ದು. ನೀವು ಎರಡು ಕೋಣೆಯ ದುರಸ್ತಿಗೆ ದುಡ್ಡು ಹಾಕಿ, ಬೆಂಗಳೂರಿನಿಂದ ಅತಿಥಿಗಳನ್ನು ಕಳಿಸಿ, ಬರೆದ ಕರಾರಿನಂತೆ ಪಾಲು ತೆಗೆದುಕೊಳ್ಳಿ. ಅತಿಥಿಗಳ ತಟ್ಟೆಗೆ ಆ ಸುಬಾಕ್‌ನ ಅಕ್ಕಿಯನ್ನೇ ಹಾಕಿಸಿ, ಅಂಗಡಿ ಬೆಲೆಗಿಂತ ನಾಲ್ಕು ಕಾಸು ಹೆಚ್ಚು ಕೊಟ್ಟು. ಲಾಭ ಸಣ್ಣದು. ಆದರೆ ಯಾರ ನೀರೂ ನಿಲ್ಲುವುದಿಲ್ಲ. ಒಂದು ಎಚ್ಚರ: ಪ್ರವಾಸಿ ವೀಸಾದಲ್ಲಿ ಬಂದು ಅತಿಥಿಗಳನ್ನು ನೋಡಿಕೊಂಡರೂ ಅದು ಕೆಲಸವೇ, ಗಡೀಪಾರು ಮಾಡುತ್ತಾರೆ. ಹಣ ಕಳಿಸುವಾಗ ನಮ್ಮ ಕಡೆ ವರ್ಷಕ್ಕೆ ಎರಡೂವರೆ ಲಕ್ಷ ಡಾಲರಿನ ಮಿತಿಯೂ, 10 ಲಕ್ಷ ರೂಪಾಯಿ ದಾಟಿದ ಮೇಲೆ ಟಿಸಿಎಸ್, ಅಂದರೆ ಬ್ಯಾಂಕೇ ಮುಂಚೆ ಹಿಡಿಯುವ ತೆರಿಗೆಯೂ ಇದೆ.

ಮೊದಲು ಒಂದು ನಾಟಿಯಿಂದ ಕೊಯ್ಲಿನ ತನಕ ಬಾಡಿಗೆಗೆ ಇದ್ದು ನೋಡಿ. ಅಷ್ಟರೊಳಗೆ ಯಾವ ಜಾಗದ ಬಗ್ಗೆಯಾದರೂ ಮನಸ್ಸಾದರೆ ಏಜೆಂಟನ್ನು ಬಿಟ್ಟು ಪೆಕಾಸೆಹ್ ಮನೆಗೆ ಹೋಗಿ, "ಇಲ್ಲಿ ಏನಾದರೂ ಮಾಡಿದರೆ ಯಾರಿಗೆ ತೊಂದರೆ?" ಎಂದು ಕೇಳಿ. ಅವರು ಕೆಳಗಿನ ಗದ್ದೆಯವರ ಹೆಸರುಗಳನ್ನು ಒಂದೊಂದಾಗಿ ಹೇಳುತ್ತಾರೆ. ಆಮೇಲೆ ನಿಮ್ಮದೇ ನೋಟರಿಸ್ ಹಿಡಿದು, ಏಜೆಂಟ್ ತೋರಿಸಿದವನನ್ನಲ್ಲ, ಜಮೀನಿನ ಪತ್ರ ಭೂ ಕಚೇರಿಯಲ್ಲಿ ಪರಿಶೀಲಿಸಿ. ಅದು ದೇವಸ್ಥಾನದ ಅಥವಾ ಊರಿನ ಸಾಂಪ್ರದಾಯಿಕ ಜಮೀನಾಗಿದ್ದರೆ, ಇಲ್ಲವೇ ಸಂರಕ್ಷಿತ ಗದ್ದೆಯ ನಕ್ಷೆಯಲ್ಲಿ ಇದ್ದರೆ ಅಲ್ಲಿಗೇ ಬಿಟ್ಟುಬಿಡಿ.