ಮೇಲಿನ ಮಹಡಿಯ ಸೆಕೆಗೆ ಯಾವ ಹೊದಿಕೆ?

ಪ್ರಶ್ನೆ: 30x40 ಸೈಟಿನಲ್ಲಿ ನಮ್ಮದು ಎರಡಂತಸ್ತಿನ ಆರ್‌ಸಿಸಿ ಮನೆ. ಮಾರ್ಚ್ ಬಂತೆಂದರೆ ಮೇಲಿನ ಕೋಣೆಯಲ್ಲಿ ರಾತ್ರಿ ಹನ್ನೊಂದಾದರೂ ಮಲಗಲು ಆಗುವುದಿಲ್ಲ. ಒಳಗೆ ಥರ್ಮೋಕೋಲ್ ಇಟ್ಟು ಫಾಲ್ಸ್ ಸೀಲಿಂಗ್ ಮಾಡಿಸಿ ಎನ್ನುತ್ತಿದ್ದಾರೆ. ಮಾಡಿಸಬಹುದೇ? ತಾರಸಿ 600 ಚದರಡಿ ಇದೆ.
– ಓದುಗರು, ರಾಜಾಜಿನಗರ

ಉತ್ತರ: ದುಡ್ಡು ಹಾಕುವುದಾದರೆ ತಾರಸಿಯ ಮೇಲೆ ಹಾಕಿ. ಹಗಲೆಲ್ಲ ಬಿಸಿಲು ಕುಡಿದ ಮೋಲ್ಡು ಸಂಜೆಯಿಂದ ಆ ಕಾವನ್ನು ಕೆಳಗೆ ಬಿಡುತ್ತದೆ. ನಿಮಗೆ ರಾತ್ರಿ ಹೊತ್ತು ಸೆಕೆಯಾಗುವುದು ಅದಕ್ಕೇ. ಒಳಗಿನ ಥರ್ಮೋಕೋಲ್ ಕೋಣೆಗೆ ಇಳಿಯುವ ಕಾವನ್ನು ಒಂದಿಷ್ಟು ತಗ್ಗಿಸೀತು, ಆದರೆ ಮೋಲ್ಡು ಕಾಯುವುದು ನಿಲ್ಲದು. ಅದು ದಿನಾ ಹಿಗ್ಗಿ ಕುಗ್ಗಿ ಬಿರುಕು ಬಿಟ್ಟರೆ, ಸೋರಿಕೆ ಫಾಲ್ಸ್ ಸೀಲಿಂಗಿನ ಮರೆಯಲ್ಲಿ ಕಣ್ಣಿಗೂ ಬೀಳುವುದಿಲ್ಲ. ಅಲ್ಲೇ ಹಾದುಹೋಗುವ ವೈರಿನಿಂದ ಥರ್ಮೋಕೋಲಿಗೆ ಬೆಂಕಿ ತಗಲುವ ಭಯ ಬೇರೆ.

ತಾರಸಿಗೆ 50 ಮಿ.ಮೀ. ದಪ್ಪದ ಎಕ್ಸ್‌ಪಿಎಸ್ (ಥರ್ಮೋಕೋಲ್ ಜಾತಿಯದೇ ಆದ ಗಟ್ಟಿ ಫೋಮ್) ಹಲಗೆ ಆರಿಸಿ. ಆರಿಂಚಿನ ಮೋಲ್ಡು ತಡೆಯುವುದಕ್ಕಿಂತ 15 ಪಟ್ಟಿಗೂ ಹೆಚ್ಚು ಕಾವನ್ನು ಈ ಎರಡಿಂಚು ತಡೆಯುತ್ತದೆ. ಥರ್ಮೋಕೋಲಿನಂತೆ ಕಾಳುಕಾಳಾಗಿರದ ಕಾರಣ ನೀರು ಹೀರುವುದು ತೀರಾ ಕಡಿಮೆ. ನೆನೆದ ಹೊದಿಕೆಯಿಂದ ಪ್ರಯೋಜನವಿಲ್ಲ. ಸಾಂದ್ರತೆ ಘನ ಮೀಟರಿಗೆ 32 ಕಿಲೋಗಿಂತ ಕಡಿಮೆ ಬೇಡ. 1250 x 600 ಮಿ.ಮೀ. ಹಲಗೆಯೊಂದು ಎಂಟು ಚದರಡಿ ಮುಚ್ಚುತ್ತದೆ. 75 ಸಾಕು, ಕತ್ತರಿಸಿ ಹಾಳಾಗುವುದೂ ಸೇರಿ 80 ತರಿಸಿ.

ಹಲಗೆಗಿಂತ ಮೊದಲು ವಾಟರ್‌ಪ್ರೂಫಿಂಗ್. ಬಿರುಕು ಕೊರೆದು ತುಂಬಿಸಿ, ಪ್ಯಾರಾಪೆಟ್ಟಿನ ಬುಡದ ಮೂಲೆಯನ್ನು ಗಾರೆಯಿಂದ ದುಂಡಗೆ ಮಾಡಿಸಿ, ಒಂದರ ಮೇಲೊಂದು ಅಡ್ಡಡ್ಡಲಾಗಿ ಎರಡು ಕೋಟ್ ಬಳಿಸಿ. ಆಮೇಲೆ ಮಳೆನೀರಿನ ಪೈಪು ಮುಚ್ಚಿ 48 ಗಂಟೆ ನೀರು ನಿಲ್ಲಿಸಿ, ಕೆಳಗಿನ ಕೋಣೆಯಲ್ಲಿ ಒದ್ದೆ ಕಾಣುತ್ತದೆಯೇ ನೋಡಿ. ಈ ಪರೀಕ್ಷೆಯನ್ನು ದಯವಿಟ್ಟು ಬಿಡಬೇಡಿ. ಹಲಗೆ ಕೂತ ಮೇಲೆ ಸೋರಿದರೆ ಎಲ್ಲವನ್ನೂ ಒಡೆದು ತೆಗೆಯಬೇಕು.

ಹಲಗೆಗಳನ್ನು ಸಂದಿಲ್ಲದಂತೆ ಜೋಡಿಸಿ, ಇಟ್ಟಿಗೆ ವರಸೆಯ ಹಾಗೆ ಜೋಡು ತಪ್ಪಿಸಿ. ಥಿನ್ನರ್ ಬೆರೆತ ಅಂಟು, ಕಾಯಿಸಿದ ಡಾಂಬರು ಎರಡೂ ಬೇಡ, ಹಲಗೆ ಕರಗಿಹೋಗುತ್ತದೆ. ಮೇಲೆ ಜಿಯೋಟೆಕ್ಸ್‌ಟೈಲ್ (ನೀರು ಇಳಿಯಲು ಬಿಡುವ ಸಿಂಥೆಟಿಕ್) ಬಟ್ಟೆ, ಅದರ ಮೇಲೆ ಚಿಕನ್ ಮೆಶ್ ಇಟ್ಟು ಎರಡಿಂಚು ಕಾಂಕ್ರೀಟು, 100 ಅಡಿಗೆ ಒಂದಡಿ ಇಳಿಜಾರು, ಕೊನೆಗೆ ಬಿಳಿ ಟೈಲ್ಸ್. ಈ ಕಾಂಕ್ರೀಟೊಂದೇ ಚದರ ಮೀಟರಿಗೆ ಸುಮಾರು 110 ಕಿಲೋ, ನಿಮ್ಮ ತಾರಸಿಗೆ ಆರು ಟನ್ ಆಯಿತು. ಹಳೆಯ ಮನೆಯಾದರೆ ಎಂಜಿನಿಯರ್ ನೋಡಿ ಒಪ್ಪದೆ ಕೈ ಹಾಕಬೇಡಿ. ಏಪ್ರಿಲಿನ ಗುಡುಗುಮಳೆಗೆ ಮುಂಚೆ ಕೆಲಸ ಮುಗಿಯಬೇಕು.

ಈ ವರ್ಷ ಅಷ್ಟು ಹಣವಿಲ್ಲದಿದ್ದರೆ ತಾರಸಿ ತೊಳೆದು, ಬಿಸಿಲನ್ನು ಹಿಂದಕ್ಕೆ ಎಸೆಯುವ ಬಿಳಿ ಕೂಲ್ ರೂಫ್ ಪೇಂಟು ಹೊಡೆಸಿ. ಧೂಳು ಕೂತಷ್ಟೂ ಅದರ ಗುಣ ಇಳಿಯುತ್ತದೆ, ಬೇಸಿಗೆಯಲ್ಲಿ ಆಗಾಗ ತೊಳೆಯಿರಿ.

ಪ್ರಶ್ನೆ: ಅಜ್ಜನ ಕಾಲದ ಮಂಗಳೂರು ಹೆಂಚಿನ ಮನೆ. ಮರದ ಸೀಲಿಂಗಿನ ಮೇಲೆ ಅಟ್ಟವಿದೆ. ಅಲ್ಲಿ ಗ್ಲಾಸ್ ವೂಲ್ ಒಳ್ಳೆಯದೋ ರಾಕ್ ವೂಲೋ?
– ಓದುಗರು, ಬಸವನಗುಡಿ

ಉತ್ತರ: ಗ್ಲಾಸ್ ವೂಲ್ ಗಾಜಿನ ನೂಲಿನ ಹೊದಿಕೆ, ರಾಕ್ ವೂಲ್ ಕಲ್ಲು ಕರಗಿಸಿ ತೆಗೆದ ನೂಲಿನದು. ಕಾವು ತಡೆಯುವುದರಲ್ಲಿ ಎರಡಕ್ಕೂ ಹೆಚ್ಚು ವ್ಯತ್ಯಾಸವಿಲ್ಲ. ಹಳೆಯ ವೈರಿಂಗ್ ಇರುವ ಮರದ ಅಟ್ಟಕ್ಕೆ ಬೆಂಕಿಯನ್ನು ಇನ್ನೂ ಚೆನ್ನಾಗಿ ತಾಳುವ ರಾಕ್ ವೂಲೇ ಇರಲಿ, 75 ಮಿ.ಮೀ. ದಪ್ಪದ್ದು. ಮೊದಲು ಒಡೆದ ಹೆಂಚು ಬದಲಿಸಿ, ಬಟ್ಟೆ ಸುತ್ತಿದ ಹಳೇ ವೈರು ತೆಗೆಸಿ. ಹೊದಿಕೆಯಡಿ ವೈರಿನ ಬಿಸಿ ಹೊರಹೋಗುವುದಿಲ್ಲ.

ರಾಕ್ ವೂಲನ್ನು ಸೀಲಿಂಗ್ ಹಲಗೆಗಳ ಮೇಲೆ ಹಾಸಿ, ತುಳಿಯಬೇಡಿ. ಮೂರಿಂಚು ಎರಡಿಂಚಾದರೆ ತಡೆಯುವ ಶಕ್ತಿಯೂ ತಗ್ಗುತ್ತದೆ. ಹಂಡೆ, ಪೆಟ್ಟಿಗೆ ಇಡುವ ಕಡೆ ನಾಲ್ಕಿಂಚಿನ ಮರದ ಪಟ್ಟಿ ಕೊಟ್ಟು ಅದರ ಮೇಲೆ ಹಲಗೆ ಹಾಕಿಸಿ. ಕೆಲಸದವರಿಗೆ ಮಾಸ್ಕ್, ಕೈಗವಸು ಕೊಡಿ, ನೂಲು ಚರ್ಮ ಕೆರೆಸುತ್ತದೆ.

ಕಾದ ಹೆಂಚಿನ ಧಗೆಗೆ ಜಂತೆಗಳ ಕೆಳಗೆ ಅಲ್ಯೂಮಿನಿಯಂ ಫಾಯಿಲ್ ಹೊಡೆಸಬಹುದು. ಹೊಳೆಯುವ ಮೈ ಕೆಳಗಿರಲಿ, ಮೇಲಿದ್ದರೆ ಧೂಳು ಕೂತು ಕೆಲಸ ಕೆಡುತ್ತದೆ. ಫಾಯಿಲಿಗೆ ವೈರು ತಾಗಬಾರದು. ಸೂರಿನ ಸಂದಿ, ಗಾಳಿಕಿಂಡಿಗಳನ್ನು ಮಾತ್ರ ಮುಚ್ಚಬೇಡಿ. ಇಲಿ ಬರುತ್ತದೆಂದರೆ ಸಣ್ಣ ಕಣ್ಣಿನ ಜಾಲರಿ ಹೊಡೆಸಿ.